ಬಿಳಿಯ ಹೆವಿವೇಟ್ ಬಾಕ್ಸರ್‌ಗಳ ಶ್ರೇಯಾಂಕ: ಯಾರನ್ನು ಎದುರಿಸಿದರು ಎಂಬುದೇ ಅಳತೆ

ಪ್ರಶ್ನೆ: ಬಿಳಿಯ ಹೆವಿವೇಟ್ ಬಾಕ್ಸರ್‌ಗಳಲ್ಲಿ ರಾಕಿ ಮಾರ್ಸಿಯಾನೊ ಅವರಿಗೆ ಸಾಟಿಯಾದವರು ಹುಟ್ಟಿಲ್ಲ ಎಂದು ನಮ್ಮ ತಂದೆಯವರು ಹೇಳುತ್ತಾರೆ. ಕ್ಲಿಚ್ಕೊ ಸಹೋದರರ ಎದುರು ಮಾರ್ಸಿಯಾನೊ ನಾಲ್ಕು ಸುತ್ತೂ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ತಮ್ಮನ ವಾದ. ತಾವು ಇವರನ್ನು ಯಾವ ಕ್ರಮದಲ್ಲಿ ಇರಿಸುವಿರಿ? ಹೀಗೆ ಬಣ್ಣ ನೋಡಿ ಪಟ್ಟಿ ಮಾಡುವುದು ಸರಿಯೇ ಎಂಬುದನ್ನೂ ತಿಳಿಸಿ.

ಉತ್ತರ: ತಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ; ಅದಕ್ಕೆ ಉತ್ತರ ಹೇಳದೆ ಶ್ರೇಯಾಂಕಕ್ಕೆ ಕೈಹಾಕಿದರೆ ಅಳತೆಗೋಲಿಲ್ಲದೆ ಅಳೆಯಲು ಹೊರಟಂತಾಗುತ್ತದೆ. ಚರ್ಮದ ಬಣ್ಣಕ್ಕೂ ಮುಷ್ಟಿಯ ಬಲಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ‘ಬಿಳಿಯ ಹೆವಿವೇಟ್’ ಎಂಬ ವಿಭಾಗ ಇಂದಿನ ಅಭಿಮಾನಿಗಳು ಕುಳಿತು ಕಟ್ಟಿದ್ದೂ ಅಲ್ಲ. ನೂರು ವರ್ಷಗಳ ಹಿಂದೆ ಚಾಂಪಿಯನ್ನರು, ಪಂದ್ಯ ಏರ್ಪಡಿಸುವವರು ಮತ್ತು ಪತ್ರಿಕೆಗಳು ಸೇರಿ ಹೆವಿವೇಟ್ ಪಟ್ಟದ ಸುತ್ತ ಬಣ್ಣದ ಬೇಲಿ ಹಾಕಿದ್ದರು. ಆ ಬೇಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಯಾವ ಪಟ್ಟಿಯೂ ನನಗೆ ಒಪ್ಪಿಗೆಯಾಗುವುದಿಲ್ಲ.

1882ರಲ್ಲಿ ಚಾಂಪಿಯನ್ ಆದ ಜಾನ್ ಎಲ್. ಸುಲಿವನ್, ಕಪ್ಪು ವರ್ಣದವರೊಂದಿಗೆ ಸೆಣಸುವುದಿಲ್ಲ ಎಂದು ಬಹಿರಂಗವಾಗಿಯೇ ಸಾರಿದ್ದರು. ಅವರ ಕಾಲದ ಅತ್ಯುತ್ತಮ ಸವಾಲುಗಾರ ಪೀಟರ್ ಜ್ಯಾಕ್ಸನ್ ಕಪ್ಪು ವರ್ಣದವರಾಗಿದ್ದರು. 1891ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೇಮ್ಸ್ ಕಾರ್ಬೆಟ್ ಅವರು ಇದೇ ಜ್ಯಾಕ್ಸನ್ ಜೊತೆ 61 ಸುತ್ತು ಹೋರಾಡಿ ಸೋಲು-ಗೆಲುವು ನಿರ್ಧಾರವಾಗದೆ ಹಿಂತಿರುಗಿದರು. ಮುಂದಿನ ವರ್ಷ ನ್ಯೂ ಆರ್ಲಿಯನ್ಸ್‌ನಲ್ಲಿ ಸುಲಿವನ್ ಅವರನ್ನು 21ನೇ ಸುತ್ತಿನಲ್ಲಿ ಕೆಡವಿ ಪಟ್ಟವೇರಿದ್ದು ಕಾರ್ಬೆಟ್. ಅವರನ್ನು 61 ಸುತ್ತು ತಡೆದು ನಿಲ್ಲಿಸಿದ ಜ್ಯಾಕ್ಸನ್ ಅವರಿಗೆ ಪಟ್ಟದ ಪಂದ್ಯ ಕೊನೆಯವರೆಗೂ ಸಿಗಲಿಲ್ಲ.

1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್ ಅವರು 30,000 ಡಾಲರ್ ಸಂಭಾವನೆಗೆ ಒಪ್ಪಿ ಜ್ಯಾಕ್ ಜಾನ್ಸನ್ ಎದುರು ಕಣಕ್ಕಿಳಿದು ಸೋತಾಗ ಬೇಲಿ ಮೊದಲ ಬಾರಿ ಮುರಿಯಿತು. ಆ ಬಳಿಕ ಪತ್ರಿಕೆಗಳು ಪಟ್ಟವನ್ನು ಮರಳಿ ತರಬಲ್ಲ ‘ಬಿಳಿಯರ ಭರವಸೆ’ಗಾಗಿ ಹುಡುಕಾಟ ನಡೆಸಿದವು. ನಿವೃತ್ತರಾಗಿ ಐದು ವರ್ಷ ಕಳೆದು, ಮೈ ಬೆಳೆಸಿಕೊಂಡು ಹೊಲ ನೋಡಿಕೊಂಡಿದ್ದ ಜಿಮ್ ಜೆಫ್ರೀಸ್ ಅವರನ್ನು ಒತ್ತಾಯ ಮಾಡಿ ಕರೆತಂದು, 1910ರ ಜುಲೈ 4ರಂದು ನೆವಾಡಾದ ರೀನೋ ನಗರದ ಸುಡುಬಿಸಿಲಿನಲ್ಲಿ ಜಾನ್ಸನ್ ಎದುರು ನಿಲ್ಲಿಸಿದರು. ಅದಕ್ಕೆ ಮೊದಲು ಒಮ್ಮೆಯೂ ನೆಲಕ್ಕುರುಳದ ಜೆಫ್ರೀಸ್ 15ನೇ ಸುತ್ತಿನಲ್ಲಿ ಮತ್ತೆ ಮತ್ತೆ ಬಿದ್ದರು. ಆ ರಾತ್ರಿ ಅಮೆರಿಕದ ಹಲವು ನಗರಗಳಲ್ಲಿ ಕಪ್ಪು ಜನರ ಮೇಲೆ ಹಲ್ಲೆಗಳಾಗಿ ಜೀವಗಳು ಹೋದವು. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲರ್ಡ್ ಅವರು ಜಾನ್ಸನ್ ಅವರನ್ನು 26ನೇ ಸುತ್ತಿನಲ್ಲಿ ಸೋಲಿಸಿದ ಮೇಲೆ ಬೇಲಿ ಮತ್ತೆ ಎದ್ದಿತು. 1937ರಲ್ಲಿ ಜೋ ಲೂಯಿಸ್ ಅವರಿಗೆ ಅವಕಾಶ ಸಿಗುವವರೆಗೆ 22 ವರ್ಷ ಯಾವ ಕಪ್ಪು ಬಾಕ್ಸರನಿಗೂ ಹೆವಿವೇಟ್ ಪಟ್ಟದ ಪಂದ್ಯ ದೊರೆಯಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್ ಅಂಥ ಅಸಾಧಾರಣ ಪ್ರತಿಭೆ ಹೀಗೆ ಸವೆದುಹೋಯಿತು. ಅವರಿಗೆ ಅವಕಾಶ ಕೊಡದವರಲ್ಲಿ ಚಾಂಪಿಯನ್ ಆದ ಮೇಲಿನ ಜಾನ್ಸನ್ ಕೂಡ ಒಬ್ಬರು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಆದ್ದರಿಂದ ನನ್ನ ಅಳತೆ ಇಷ್ಟು: ತನ್ನ ಕಾಲದಲ್ಲಿ ಯಾರು ಅತ್ಯಂತ ಅಪಾಯಕಾರಿ ಎದುರಾಳಿಯಾಗಿದ್ದರೋ ಅವರನ್ನು, ಬಣ್ಣ ನೋಡದೆ, ಅವರ ಏರುಕಾಲದಲ್ಲಿ ಎದುರಿಸಿದ್ದಾನೆಯೇ? ಎದುರಿಸಿದ್ದರೆ ಹೇಗೆ ಗೆದ್ದ, ಹೇಗೆ ಸೋತ? ಹೊಡೆತದ ಬಿರುಸು, ಪಟ್ಟ ಉಳಿಸಿಕೊಂಡ ವರ್ಷಗಳು, ನಾಕೌಟ್‌ಗಳ ಸಂಖ್ಯೆ ಎಲ್ಲವೂ ಇದರ ನಂತರ ಬರುವ ವಿಷಯಗಳು.

ಈ ಅಳತೆಯಿಂದ ಹೆಚ್ಚು ಕೆಳಗಿಳಿಯುವವರು ಜ್ಯಾಕ್ ಡೆಂಪ್ಸಿ. ಹಳೆಯ ಪಟ್ಟಿಗಳಲ್ಲಿ ಅವರಿಗೆ ಮೊದಲ ಅಥವಾ ಎರಡನೆಯ ಸ್ಥಾನ ಕಟ್ಟಿಟ್ಟದ್ದಾಗಿತ್ತು, ಮತ್ತು ಅದು ಏಕೆಂದು 1919ರ ಜುಲೈ 4ರ ಟೊಲೀಡೊ ಪಂದ್ಯದ ಚಿತ್ರ ನೋಡಿದ ಯಾರಿಗಾದರೂ ತಿಳಿಯುತ್ತದೆ. ಸುಮಾರು 85 ಕೆ.ಜಿ. ತೂಕದ ಡೆಂಪ್ಸಿ, ತಮಗಿಂತ 25 ಕೆ.ಜಿ.ಯಷ್ಟು ಹೆಚ್ಚು ತೂಗುತ್ತಿದ್ದ ವಿಲರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದರು. ನಾಲ್ಕು ವರ್ಷಗಳ ಬಳಿಕ ಲೂಯಿಸ್ ಫಿರ್ಪೊ ಅವರು ಡೆಂಪ್ಸಿಯವರನ್ನು ಹಗ್ಗದಾಚೆಗೆ ಹೊಡೆದು ಉರುಳಿಸಿದಾಗ, ಅವರು ಮರಳಿ ಒಳಗೆ ಬಂದು ಎರಡನೇ ಸುತ್ತಿನಲ್ಲೇ ಪಂದ್ಯ ಮುಗಿಸಿದರು. ಇಂಥ ಕೆಚ್ಚು ಅಪರೂಪ. ಆದರೆ 1919ರಿಂದ 1926ರವರೆಗಿನ ಏಳು ವರ್ಷಗಳಲ್ಲಿ ಅವರು ಪಟ್ಟ ಪಣಕ್ಕಿಟ್ಟು ಗೆದ್ದದ್ದು ಐದೇ ಸಲ. ಕೊನೆಯ ಮೂರು ವರ್ಷ ಪಟ್ಟದ ಪಂದ್ಯವನ್ನೇ ಆಡಲಿಲ್ಲ. ಅಷ್ಟೂ ಕಾಲ ಅವರ ಬಾಗಿಲಲ್ಲಿ ಕಾದು ನಿಂತಿದ್ದವರು ಹ್ಯಾರಿ ವಿಲ್ಸ್ ಎಂಬ ಕಪ್ಪು ಬಾಕ್ಸರ್. ಒಪ್ಪಂದಕ್ಕೆ ಸಹಿ ಬಿದ್ದರೂ ಪಂದ್ಯ ನಡೆಯಲಿಲ್ಲ. ಇದರ ಹೊಣೆಯನ್ನು ಡೆಂಪ್ಸಿಯವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ; ಹಣ ಹೂಡುವವರಿಗೂ ಆಡಳಿತ ನಡೆಸುವವರಿಗೂ ಮತ್ತೊಬ್ಬ ಜಾನ್ಸನ್ ಬೇಕಾಗಿರಲಿಲ್ಲ. ಆದರೂ ಶ್ರೇಯಾಂಕ ಕೊಡುವಾಗ ನಡೆದ ಪಂದ್ಯಗಳನ್ನೇ ಎಣಿಸಬೇಕಾಗುತ್ತದೆ. ನನ್ನ ಪಟ್ಟಿಯಲ್ಲಿ ಡೆಂಪ್ಸಿ ಐದನೆಯವರು.

ಅವರನ್ನು ಎರಡು ಬಾರಿ ಸೋಲಿಸಿದ ಜೀನ್ ಟನಿ ಹಾಗಾದರೆ ಮೇಲಿರಬೇಕಲ್ಲವೇ ಎಂದು ತಾವು ಕೇಳಬಹುದು. 1926ರಲ್ಲಿ ಫಿಲಡೆಲ್ಫಿಯಾದ ಮಳೆಯಲ್ಲಿ, ಲಕ್ಷಕ್ಕೂ ಮಿಕ್ಕಿದ ಜನರ ಮುಂದೆ, ಟನಿ ಅವರು ಡೆಂಪ್ಸಿಯವರಿಗೆ ಪಾಠ ಹೇಳಿದಂತೆ ಆಡಿ ಗೆದ್ದರು. ಮರುವರ್ಷ ಷಿಕಾಗೊದಲ್ಲಿ, ಏಳನೇ ಸುತ್ತಿನಲ್ಲಿ ಟನಿ ಬಿದ್ದಾಗ ಡೆಂಪ್ಸಿ ಹೊಸ ನಿಯಮದಂತೆ ದೂರದ ಮೂಲೆಗೆ ಹೋಗದೆ ಅಲ್ಲೇ ನಿಂತುಬಿಟ್ಟರು. ರೆಫರಿ ಅವರನ್ನು ಕಳುಹಿಸಿದ ಬಳಿಕವೇ ಎಣಿಕೆ ಆರಂಭಿಸಿದ್ದರಿಂದ ಟನಿ ಅವರಿಗೆ ಸುಮಾರು 14 ಸೆಕೆಂಡುಗಳು ದೊರೆತವು. ಆ ಸೆಕೆಂಡುಗಳ ಬಗ್ಗೆ ಇಂದಿಗೂ ವಾದ ನಡೆಯುತ್ತದೆ. ಎಂಟನೇ ಸುತ್ತಿನಲ್ಲಿ ಟನಿ ಡೆಂಪ್ಸಿಯವರನ್ನೇ ಕೆಡವಿದ್ದನ್ನು ಮಾತ್ರ ಜನ ಮರೆಯುತ್ತಾರೆ. ಟನಿ ತಮ್ಮ ಇಡೀ ವೃತ್ತಿಜೀವನದಲ್ಲಿ ಸೋತದ್ದು ಹ್ಯಾರಿ ಗ್ರೆಬ್ ಎದುರು ಒಮ್ಮೆ ಮಾತ್ರ, ಅದೂ ಕೆಳಗಿನ ತೂಕದ ವಿಭಾಗದಲ್ಲಿ. ಆದರೆ ಹೆವಿವೇಟ್ ಚಾಂಪಿಯನ್ ಆಗಿ ಅವರು ಇದ್ದದ್ದು ಎರಡು ವರ್ಷವೂ ತುಂಬದಷ್ಟು ಕಾಲ, ಆಡಿದ್ದು ಇನ್ನೆರಡೇ ಪಂದ್ಯ. ಎರಡು ಸೊಗಸಾದ ರಾತ್ರಿಗಳು ಡೆಂಪ್ಸಿಯವರ ಹತ್ತಿರಕ್ಕೆ ತಂದು ನಿಲ್ಲಿಸುತ್ತವೆ, ಮೇಲಕ್ಕೆ ಏರಿಸುವುದಿಲ್ಲ.

ಇನ್ನು ಮಾರ್ಸಿಯಾನೊ. ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್ ಊರಿನ ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಟಾಲಿಯನ್ ವಲಸಿಗರೊಬ್ಬರ ಮಗ. ಆಡಿದ 49 ಪಂದ್ಯಗಳನ್ನೂ ಗೆದ್ದವರು, ಅವುಗಳಲ್ಲಿ 43 ನಾಕೌಟ್. ತಮ್ಮ ತಂದೆಯವರ ಅಭಿಮಾನಕ್ಕೆ ಈ ಅಂಕಿಗಳು ಸಾಕು. ಆದರೆ ನನಗೆ ಅಂಕಿಗಳಿಗಿಂತ ಮುಖ್ಯವಾಗಿ ಕಾಣುವುದು ಅವರ ಶರೀರದ ಕೊರತೆಗಳು. ಎತ್ತರ ಆರಡಿಗಿಂತ ಕಡಿಮೆ, ತೂಕ 85 ಕೆ.ಜಿ. ಆಸುಪಾಸು, ಎರಡೂ ತೋಳು ಚಾಚಿದಾಗ ತುದಿಯಿಂದ ತುದಿಗೆ 68 ಇಂಚು. ಹೆವಿವೇಟ್ ಚಾಂಪಿಯನ್ನರಲ್ಲಿ ಇಷ್ಟು ಗಿಡ್ಡ ತೋಳು ಬಹಳ ಅಪರೂಪ. ತರಬೇತುದಾರ ಚಾರ್ಲಿ ಗೋಲ್ಡ್‌ಮನ್ ಈ ಗಿಡ್ಡತನವನ್ನು ಮರೆಮಾಡಲು ಹೋಗದೆ, ಇನ್ನಷ್ಟು ಬಗ್ಗಿ, ಎದುರಾಳಿಯ ಕೈ ಕೆಳಗಿನಿಂದ ನುಗ್ಗುವುದನ್ನು ಕಲಿಸಿದರು.

1952ರ ಸೆಪ್ಟೆಂಬರ್ 23ರ ಪಂದ್ಯವನ್ನು ನಾನು ಕಿರಿಯ ಬಾಕ್ಸರ್‌ಗಳಿಗೆ ತೋರಿಸುತ್ತಲೇ ಇರುತ್ತೇನೆ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್ ಮೊದಲ ಸುತ್ತಿನಲ್ಲೇ ಎಡಗೈ ಹುಕ್‌ನಿಂದ (ಮೊಣಕೈ ಬಗ್ಗಿಸಿ ಬದಿಯಿಂದ ಕೊಡುವ ಗುದ್ದು) ಮಾರ್ಸಿಯಾನೊ ಅವರನ್ನು ನೆಲಕ್ಕೆ ಕೆಡವಿದರು. ವೃತ್ತಿಜೀವನದಲ್ಲಿ ಅವರು ಬಿದ್ದದ್ದು ಅದೇ ಮೊದಲು. ಹನ್ನೆರಡು ಸುತ್ತು ಮುಗಿದಾಗ ತೀರ್ಪುಗಾರರೆಲ್ಲರ ಅಂಕಪಟ್ಟಿಯಲ್ಲೂ ವಾಲ್ಕಾಟ್ ಮುಂದಿದ್ದರು. ನಾಕೌಟ್ ಮಾಡದೆ ಮಾರ್ಸಿಯಾನೊ ಅವರಿಗೆ ಬೇರೆ ದಾರಿಯಿರಲಿಲ್ಲ. ಹದಿಮೂರನೇ ಸುತ್ತು ಆರಂಭವಾಗಿ ಇನ್ನೂ ಒಂದು ನಿಮಿಷ ಆಗಿಲ್ಲ. ವಾಲ್ಕಾಟ್ ಹಿಂದೆ ಸರಿಯುತ್ತಾ ಹಗ್ಗದ ಹತ್ತಿರ ಬರುತ್ತಾರೆ. ಇಬ್ಬರೂ ಒಂದೇ ಗಳಿಗೆಯಲ್ಲಿ ಬಲಗೈ ಎತ್ತುತ್ತಾರೆ. ಮಾರ್ಸಿಯಾನೊ ಅವರ ಗುದ್ದು ಚಲಿಸಿದ್ದು ಅತ್ಯಲ್ಪ ದೂರ, ಆದರೆ ಮೊದಲು ತಲುಪಿದ್ದು ಅದೇ. ವಾಲ್ಕಾಟ್ ಅವರ ಎಡತೋಳು ಹಗ್ಗಕ್ಕೆ ಸಿಕ್ಕಿಕೊಂಡಿತು. ದೇಹ ನಿಧಾನವಾಗಿ ಜಾರಿ, ಮೊಣಕಾಲೂರಿ, ಹಣೆ ನೆಲಕ್ಕೆ ತಾಗಿತು. ಆಗ ಎಣಿಕೆ ಕೇವಲ ಔಪಚಾರಿಕವಾಗಿತ್ತು.

ಮಾರ್ಸಿಯಾನೊ ಯಾರಿಂದಲೂ ತಪ್ಪಿಸಿಕೊಳ್ಳಲಿಲ್ಲ. ಜೋ ಲೂಯಿಸ್, ವಾಲ್ಕಾಟ್, ಎಝರ್ಡ್ ಚಾರ್ಲ್ಸ್, ಆರ್ಚಿ ಮೂರ್ ಎಂಬ ನಾಲ್ವರು ಮಹಾನ್ ಕಪ್ಪು ಬಾಕ್ಸರ್‌ಗಳನ್ನು ಅವರು ನೇರವಾಗಿ ಎದುರಿಸಿ ಗೆದ್ದರು. 1954ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಜೊತೆಗಿನ ಎರಡನೇ ಪಂದ್ಯದಲ್ಲಿ ಮೂಗಿನ ತುದಿ ಸೀಳಿ ರಕ್ತ ಸುರಿಯುತ್ತಿದ್ದಾಗ, ಪಂದ್ಯವನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದೆಂಬ ಆತಂಕದ ನಡುವೆ ಎಂಟನೇ ಸುತ್ತಿನಲ್ಲಿ ನಾಕೌಟ್ ಸಾಧಿಸಿದರು. ಆದರೆ ವಯಸ್ಸಿನ ಲೆಕ್ಕವನ್ನು ಬಿಡುವಂತಿಲ್ಲ. ಸೋತಾಗ ಲೂಯಿಸ್ ಅವರಿಗೆ 37 ವರ್ಷ, ವಾಲ್ಕಾಟ್ ಅವರಿಗೆ 38, ಮೂರ್ ನಲವತ್ತರ ಆಸುಪಾಸಿನಲ್ಲಿದ್ದರು. ಚಾರ್ಲ್ಸ್ ಅವರಿಗೆ 33 ಆಗಿದ್ದರೂ ಆ ದೇಹ ಅದಾಗಲೇ ನೂರಕ್ಕೆ ಸಮೀಪದ ಪಂದ್ಯಗಳ ಪೆಟ್ಟು ತಿಂದಿತ್ತು. ಇದು ಮಾರ್ಸಿಯಾನೊ ಅವರ ತಪ್ಪಲ್ಲ. ಅವರ ಕಾಲಕ್ಕೆ ದೊರೆತ ಅತ್ಯುತ್ತಮರು ಇವರೇ. ಆದರೂ ಏರುಕಾಲದಲ್ಲಿರುವ ದೊಡ್ಡ ಎದುರಾಳಿಯೊಬ್ಬರನ್ನು ಗೆದ್ದ ಸಾಕ್ಷ್ಯ ಅವರ ದಾಖಲೆಯಲ್ಲಿ ಸಿಗುವುದಿಲ್ಲ. ಈ ಒಂದು ಕಾರಣಕ್ಕೆ ನಾನು ಅವರನ್ನು ಎರಡನೇ ಸ್ಥಾನದಲ್ಲಿ ಇರಿಸುತ್ತೇನೆ. ತಂದೆಯವರು ಕ್ಷಮಿಸಬೇಕು.

ಮಾರ್ಸಿಯಾನೊ 1956ರಲ್ಲಿ ನಿವೃತ್ತರಾದರು. ಸ್ವೀಡನ್‌ನ ಇಂಗೆಮರ್ ಜೋಹಾನ್ಸನ್ 1959ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್ ಅವರನ್ನು ಮೂರನೇ ಸುತ್ತಿನಲ್ಲಿ ಏಳು ಸಲ ಕೆಡವಿ ಪಟ್ಟ ಪಡೆದರೂ, ಮರುವರ್ಷ ಅದನ್ನು ಅದೇ ಪ್ಯಾಟರ್ಸನ್‌ಗೆ ಒಪ್ಪಿಸಿದರು. ಅಲ್ಲಿಂದ ಮುಂದೆ ದಶಕಗಳ ಕಾಲ, ಒಂದೊಂದು ಬಾಕ್ಸಿಂಗ್ ಸಂಸ್ಥೆ ಕೊಡುವ ಚಾಂಪಿಯನ್ ಬೆಲ್ಟ್ ಗೆದ್ದ ಕೆಲವರನ್ನು ಬಿಟ್ಟರೆ, ಈ ವಿಭಾಗವನ್ನು ಆಳಿದವರು ಅಲಿ, ಫ್ರೇಜಿಯರ್, ಫೋರ್‌ಮನ್, ಹೋಮ್ಸ್, ಮೈಕ್ ಟೈಸನ್, ಹೋಲಿಫೀಲ್ಡ್, ಲೆನಾಕ್ಸ್ ಲೂಯಿಸ್ ಮೊದಲಾದ ಕಪ್ಪು ಬಾಕ್ಸರ್‌ಗಳು. ಆ ಕಾಲದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಬಾಕ್ಸಿಂಗ್ ತರಬೇತಿ ಬಹಳ ಆಳವಾಗಿ ಬೇರೂರಿತ್ತು ಎಂಬುದನ್ನು ನೆನಪಿಡಬೇಕು. ಮೂರು ಒಲಿಂಪಿಕ್ ಚಿನ್ನ ಗೆದ್ದ ಕ್ಯೂಬಾದ ಟಿಯೋಫಿಲೊ ಸ್ಟೀವನ್‌ಸನ್ ಅವರನ್ನು ಎರಡು ಬಾರಿ ಸೋಲಿಸಿದ ಇಗೊರ್ ವೈಸೋಟ್ಸ್ಕಿ ಅಲ್ಲಿಯವರು. ಆದರೆ ಅಲ್ಲಿನ ಬಾಕ್ಸರ್‌ಗಳಿಗೆ ವೃತ್ತಿಪರ ಕಣದ ಬಾಗಿಲು ಮುಚ್ಚಿತ್ತು. ಒಕ್ಕೂಟ ಒಡೆದ ಮೇಲೆ ಆ ಬಾಗಿಲು ತೆರೆಯಿತು, ಒಳಗೆ ಬಂದವರಲ್ಲಿ ಕ್ಲಿಚ್ಕೊ ಸಹೋದರರು ಮೊದಲಿಗರ ಸಾಲಿನವರು.

ವ್ಲಾದಿಮಿರ್ ಕ್ಲಿಚ್ಕೊ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತರು. 2003ರಲ್ಲಿ ಕಾರಿ ಸ್ಯಾಂಡರ್ಸ್ ಎದುರು, 2004ರಲ್ಲಿ ಲೇಮನ್ ಬ್ರೂಸ್ಟರ್ ಎದುರು ವ್ಲಾದಿಮಿರ್ ನಾಕೌಟ್ ಮಾದರಿಯಲ್ಲಿ ಸೋತಾಗ ಅವರ ಕಥೆ ಮುಗಿಯಿತೆಂದು ಬಹುತೇಕರು ಬರೆದರು. ತರಬೇತುದಾರ ಎಮ್ಯಾನುಯೆಲ್ ಸ್ಟೂವರ್ಡ್ ಅವರನ್ನು ತಳದಿಂದ ಮತ್ತೆ ಕಟ್ಟಿದರು: ಎಡಗೈಯ ನೇರ ಚುಟುಕು ಗುದ್ದಾದ ಜ್ಯಾಬ್‌ನಿಂದ ದೂರ ಕಾಯುವುದು, ಹತ್ತಿರ ಬಂದವರನ್ನು ಅಪ್ಪಿ ಹಿಡಿದು ಮೈಭಾರ ಹಾಕುವುದು, ಅವಕಾಶ ಖಚಿತವಾದ ಮೇಲೆ ಮಾತ್ರ ಬಲಗೈ ಬಿಡುವುದು. ನೋಡಲು ಸೊಗಸಿಲ್ಲ, 2013ರಲ್ಲಿ ಮಾಸ್ಕೊದಲ್ಲಿ ಪೊವೆಟ್ಕಿನ್ ಜೊತೆಗಿನ ಪಂದ್ಯದಲ್ಲಿ ಅಪ್ಪುಗೆ ಅತಿಯಾಯಿತೆಂದು ನಾನೂ ಹೇಳುತ್ತೇನೆ. ಆದರೆ 2006ರ ಏಪ್ರಿಲ್‌ನಿಂದ 2015ರ ನವೆಂಬರ್‌ವರೆಗೆ ಒಂಬತ್ತೂವರೆ ವರ್ಷ ಪಟ್ಟ ಉಳಿಸಿಕೊಂಡವರು ಅವರು. ಹೆವಿವೇಟ್ ಇತಿಹಾಸದಲ್ಲಿ ಅದಕ್ಕಿಂತ ದೀರ್ಘವಾದ ಅಖಂಡ ಆಳ್ವಿಕೆ ಜೋ ಲೂಯಿಸ್ ಅವರದೊಂದೇ. ಸೋಲಿನಲ್ಲೂ ಅವರು ಘನತೆ ತೋರಿದರು: 2017ರಲ್ಲಿ ವೆಂಬ್ಲಿಯ 90,000 ಜನರ ಮುಂದೆ, 41ರ ವಯಸ್ಸಿನಲ್ಲಿ, ಆಂಥನಿ ಜೋಶುವಾ ಅವರನ್ನು ಆರನೇ ಸುತ್ತಿನಲ್ಲಿ ಕೆಡವಿ, ಹನ್ನೊಂದನೇ ಸುತ್ತಿನಲ್ಲಿ ಸೋತರು. ಮೂರನೇ ಸ್ಥಾನ ಅವರದು.

ಅಣ್ಣ ವಿಟಾಲಿ ಹೆಚ್ಚು ಗಟ್ಟಿ, ವೃತ್ತಿಪರ ಕಣದಲ್ಲಿ ಒಮ್ಮೆಯೂ ನೆಲಕ್ಕೆ ಬೀಳದವರು. 47 ಪಂದ್ಯಗಳಲ್ಲಿ 45 ಗೆಲುವು, 41 ನಾಕೌಟ್. ಆದರೆ ಅವರ ಅತ್ಯುತ್ತಮ ರಾತ್ರಿ ಅವರು ಸೋತ ರಾತ್ರಿ: 2003ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೆನಾಕ್ಸ್ ಲೂಯಿಸ್ ವಿರುದ್ಧ ಮೂರೂ ಅಂಕಪಟ್ಟಿಗಳಲ್ಲಿ 58-56 ಮುಂದಿದ್ದಾಗ ಕಣ್ಣಿನ ಮೇಲಿನ ಆಳವಾದ ಗಾಯದಿಂದ ವೈದ್ಯರು ಪಂದ್ಯ ನಿಲ್ಲಿಸಿದರು. ಅಷ್ಟು ಎತ್ತರದ ಗೆಲುವೊಂದು ಅವರ ಹೆಸರಿನಲ್ಲಿ ಇಲ್ಲ. ತಮ್ಮನೊಂದಿಗೆ ಆಡುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿನಿಂದಾಗಿ ಆ ಕಾಲದ ಇಬ್ಬರು ಅತ್ಯುತ್ತಮರು ಎಂದೂ ಎದುರುಬದುರಾಗಲಿಲ್ಲ. ಆ ಮಾತನ್ನು ನಾನು ಗೌರವಿಸುತ್ತೇನೆ. ಶ್ರೇಯಾಂಕದಲ್ಲಿ ಮಾತ್ರ ಅದು ಇಬ್ಬರ ಖಾತೆಯಲ್ಲೂ ಖಾಲಿ ಜಾಗವಾಗಿ ಉಳಿಯುತ್ತದೆ.

ನಾಲ್ಕನೆಯವರು ಟೈಸನ್ ಫ್ಯೂರಿ. 2015ರ ನವೆಂಬರ್ 28ರಂದು ಡ್ಯುಸೆಲ್‌ಡಾರ್ಫ್‌ನಲ್ಲಿ, ವ್ಲಾದಿಮಿರ್ ಬಹುಕಾಲದಿಂದ ತವರಿನಂತೆ ಆಡುತ್ತಿದ್ದ ಜರ್ಮನಿಯಲ್ಲೇ, ತಲೆ ಭುಜಗಳ ಹುಸಿಚಲನೆಯಿಂದಲೇ ಅವರ ಬಲಗೈಯನ್ನು ಕಟ್ಟಿಹಾಕಿದರು. ನಂತರ ಖಿನ್ನತೆಗೆ, ವ್ಯಸನಕ್ಕೆ ಸಿಲುಕಿ ಎರಡೂವರೆ ವರ್ಷ ಕಳೆದುಕೊಂಡರು. 2018ರಲ್ಲಿ ಮರಳಿ ಬಂದು ಡಿಯಾಂಟೆ ವೈಲ್ಡರ್ ಎದುರು ಹನ್ನೆರಡನೇ ಸುತ್ತಿನಲ್ಲಿ ಅಂಗಾತ ಬಿದ್ದವರು ಮತ್ತೆ ಎದ್ದು ನಿಂತಿದ್ದನ್ನು ಕಂಡಾಗ ನಾನು ಕುರ್ಚಿಯಿಂದ ಎದ್ದುನಿಂತಿದ್ದೆ. ಆ ಪಂದ್ಯ ಸಮವಾಯಿತು. ಅವರಿಬ್ಬರ ನಡುವಿನ ಮುಂದಿನ ಎರಡು ಪಂದ್ಯಗಳಲ್ಲಿ ಫ್ಯೂರಿ ನಾಕೌಟ್ ಗೆಲುವು ಸಾಧಿಸಿದರು.

ಹಾಗಾದರೆ ಮೊದಲ ಸ್ಥಾನ ಯಾರಿಗೆ? 1987ರಲ್ಲಿ ಕ್ರಿಮಿಯಾದ ಸಿಂಫೆರೊಪೋಲ್‌ನಲ್ಲಿ ಹುಟ್ಟಿದ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅವರಿಗೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ, ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ, 90.7 ಕೆ.ಜಿ. ಮಿತಿಯ ಕ್ರೂಸರ್‌ವೇಟ್‌ನಲ್ಲಿ ಎದುರಾಳಿಗಳ ಊರಿಗೇ ಹೋಗಿ ಒಬ್ಬೊಬ್ಬರನ್ನೇ ಸೋಲಿಸಿ 2018ರಲ್ಲಿ ನಾಲ್ಕೂ ಸಂಸ್ಥೆಗಳ ಬೆಲ್ಟ್‌ಗಳು, ಬಳಿಕ ಹೆವಿವೇಟ್. 2021ರಲ್ಲಿ ಲಂಡನ್ನಿನಲ್ಲಿ ಜೋಶುವಾ ಅವರನ್ನು ಸೋಲಿಸಿದರು. ಮರುವರ್ಷ ರಷ್ಯಾದ ದಾಳಿ ಆರಂಭವಾದಾಗ ಕೀವ್‌ನ ರಕ್ಷಣಾ ಪಡೆ ಸೇರಿ ಬಂದೂಕು ಹಿಡಿದವರು, ಅದೇ ವರ್ಷ ಆಗಸ್ಟ್‌ನಲ್ಲಿ ಜೆಡ್ಡಾದಲ್ಲಿ ಜೋಶುವಾ ಅವರನ್ನು ಮತ್ತೆ ಸೋಲಿಸಿದರು.

ಉಸಿಕ್ ಅವರನ್ನು ಅರ್ಥಮಾಡಿಕೊಳ್ಳಬೇಕಾದರೆ ಅವರ ಬಲಗಾಲನ್ನು ನೋಡಬೇಕು. ಎಡಗೈಯವರಾದ ಅವರು ತಮ್ಮ ಮುಂದಿನ ಬಲಗಾಲನ್ನು ಎದುರಾಳಿಯ ಎಡಗಾಲಿನ ಹೊರಗಡೆ ಊರುತ್ತಾರೆ. ಅಲ್ಲಿಂದ ಅವರ ಎಡಗೈಗೆ ನೇರ ದಾರಿ, ಎದುರಾಳಿಯ ಬಲಗೈಗೆ ಸುತ್ತುದಾರಿ. ಈ ಹೆಜ್ಜೆಯನ್ನು ಅವರು ಹನ್ನೆರಡು ಸುತ್ತೂ ಬೇಸರವಿಲ್ಲದೆ ಇಡುತ್ತಾರೆ, ಸುತ್ತುಗಳು ಕಳೆದಂತೆ ಎದುರಾಳಿಗೆ ಉಸಿರು ಸಾಲದಾಗುತ್ತದೆ. 2024ರ ಮೇ 18ರಂದು ರಿಯಾದ್‌ನಲ್ಲಿ ಫ್ಯೂರಿ ಪಂದ್ಯದ ನಡುವಿನ ಸುತ್ತುಗಳಲ್ಲಿ ಹೊಟ್ಟೆಗೂ ಗಲ್ಲಕ್ಕೂ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಗುದ್ದು) ಕೊಟ್ಟು ಮುಂದಿದ್ದರು. ಒಂಬತ್ತನೇ ಸುತ್ತಿನಲ್ಲಿ ಉಸಿಕ್ ಅವರ ಎಡಗೈ ಮುಖಕ್ಕೆ ತಗುಲಿದ್ದೇ ಫ್ಯೂರಿ ಕಣದ ಒಂದು ಮೂಲೆಯಿಂದ ಇನ್ನೊಂದಕ್ಕೆ ತೂರಾಡಿದರು, ಹಗ್ಗ ಹಿಡಿದು ನಿಲ್ಲಿಸದಿದ್ದರೆ ಬೀಳುತ್ತಿದ್ದರು, ರೆಫರಿ ಎಂಟು ಎಣಿಸಿದರು. ಇಬ್ಬರು ತೀರ್ಪುಗಾರರು ಉಸಿಕ್ ಪರ, ಒಬ್ಬರು ಫ್ಯೂರಿ ಪರ ಅಂಕ ಕೊಟ್ಟರು. ಆ ಸುತ್ತು ಇಲ್ಲದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. ಡಿಸೆಂಬರ್‌ನಲ್ಲಿ ಸುಮಾರು 127 ಕೆ.ಜಿ. ತೂಗಿದ ಫ್ಯೂರಿ ಎದುರು, ಅವರಿಗಿಂತ 25 ಕೆ.ಜಿ. ಹಗುರವಾಗಿದ್ದ ಉಸಿಕ್ ಮೂರೂ ಪಟ್ಟಿಗಳಲ್ಲಿ 116-112 ಅಂಕಗಳಿಂದ ಗೆದ್ದರು.

ಇವರ ದಾಖಲೆಯಲ್ಲೂ ಒಂದು ತಕರಾರಿದೆ. 2023ರಲ್ಲಿ ಪೋಲೆಂಡ್‌ನ ವ್ರೊತ್ಸ್ವಾಫ್‌ನಲ್ಲಿ ಡೇನಿಯಲ್ ಡುಬುವಾ ಅವರ ಗುದ್ದೊಂದು ಸೊಂಟಪಟ್ಟಿಯ ಹತ್ತಿರ ಬಿದ್ದು ಉಸಿಕ್ ಕುಸಿದಾಗ, ರೆಫರಿ ಅದನ್ನು ನಿಯಮಬಾಹಿರವೆಂದು ಸಾರಿ ಚೇತರಿಸಿಕೊಳ್ಳಲು ಸಮಯ ಕೊಟ್ಟರು. ಅದು ನ್ಯಾಯಸಮ್ಮತ ಹೊಡೆತವೆಂದು ವಾದಿಸುವವರು ಇಂದಿಗೂ ಇದ್ದಾರೆ. 2025ರ ಜುಲೈ 19ರಂದು ವೆಂಬ್ಲಿಯಲ್ಲಿ, ಡುಬುವಾ ಅವರ ಊರಿನಲ್ಲೇ, ಐದನೇ ಸುತ್ತಿನಲ್ಲಿ ನಾಕೌಟ್ ಮಾಡಿ ಉಸಿಕ್ ಆ ತಕರಾರಿಗೆ ತೆರೆ ಎಳೆದರು. ಅಲ್ಲಿಗೆ 24 ಪಂದ್ಯ, 24 ಗೆಲುವು. ಜೋಶುವಾ, ಫ್ಯೂರಿ, ಡುಬುವಾ ಮೂವರೂ ಅವರಿಗಿಂತ ಎತ್ತರದವರು, ತೂಕದವರು. ಮೂವರಲ್ಲಿ ಒಬ್ಬರೂ ಮುದುಕರಾಗಿರಲಿಲ್ಲ. ಮೂವರನ್ನೂ ಎರಡೆರಡು ಬಾರಿ ಸೋಲಿಸಿದರು. ನನ್ನ ಅಳತೆಗೆ ಇದಕ್ಕಿಂತ ಪೂರ್ಣವಾಗಿ ಉತ್ತರ ಕೊಡುವ ದಾಖಲೆ ಈ ಪಟ್ಟಿಯಲ್ಲಿ ಬೇರೊಂದಿಲ್ಲ.

ಟನಿ ಮತ್ತು ವಿಟಾಲಿ ಅವರ ಬಳಿಕ ಜೆಫ್ರೀಸ್, ಮ್ಯಾಕ್ಸ್ ಶ್ಮೆಲಿಂಗ್, ಬಾಬ್ ಫಿಟ್ಜ್‌ಸಿಮನ್ಸ್ ಬರುತ್ತಾರೆ. ಅವರವರ ನಡುವಿನ ಕ್ರಮದ ಬಗ್ಗೆ ನನಗೆ ಹಠವಿಲ್ಲ. ಕಮ್ಮಾರಿಕೆ ಮಾಡಿ ಭುಜ ಬೆಳೆಸಿಕೊಂಡ ಫಿಟ್ಜ್‌ಸಿಮನ್ಸ್ ಕೇವಲ 76 ಕೆ.ಜಿ. ತೂಕದಲ್ಲಿ 1897ರಲ್ಲಿ ಕಾರ್ಬೆಟ್ ಅವರ ಹೊಟ್ಟೆಯ ಮೇಲ್ಭಾಗಕ್ಕೆ ಒಂದೇ ಗುದ್ದು ಕೊಟ್ಟು ಹೆವಿವೇಟ್ ಪಟ್ಟ ಪಡೆದರು. ಶ್ಮೆಲಿಂಗ್ ಅವರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಜೋ ಲೂಯಿಸ್ ಜ್ಯಾಬ್ ಹೊಡೆದ ಮೇಲೆ ಎಡಗೈಯನ್ನು ಕೆಳಗಿಳಿಸುತ್ತಾರೆ ಎಂಬ ಸಣ್ಣ ದೋಷವನ್ನು ಕಂಡುಹಿಡಿದು, 1936ರ ಜೂನ್‌ನಲ್ಲಿ ಅದೇ ಸಂದಿಯಲ್ಲಿ ಬಲಗೈ ತೂರಿಸುತ್ತಾ ಹನ್ನೆರಡನೇ ಸುತ್ತಿನಲ್ಲಿ ಅವರನ್ನು ನಾಕೌಟ್ ಮಾಡಿದರು. ಅಲ್ಲಿಯವರೆಗೆ ಲೂಯಿಸ್ ಸೋತಿರಲಿಲ್ಲ. ಎರಡು ವರ್ಷಗಳ ಬಳಿಕ ಲೂಯಿಸ್ ಮೊದಲ ಸುತ್ತಿನಲ್ಲೇ ಶ್ಮೆಲಿಂಗ್ ಅವರನ್ನು ಮಣಿಸಿದರು, ಆದರೆ ಆ ಮೊದಲ ರಾತ್ರಿಯ ಬೆಲೆ ಕಡಿಮೆಯಾಗುವುದಿಲ್ಲ.

ಕೊನೆಗೆ, ಕ್ಲಿಚ್ಕೊ ಎದುರು ಮಾರ್ಸಿಯಾನೊ ನಾಲ್ಕು ಸುತ್ತೂ ನಿಲ್ಲುವುದಿಲ್ಲವೆಂಬ ತಮ್ಮನ ವಾದ. ವ್ಲಾದಿಮಿರ್ ಅವರ ತೂಕ 110 ಕೆ.ಜಿ. ಸುತ್ತಮುತ್ತ, ಇಂದಿನ ನಿಯಮದಲ್ಲಿ ಮಾರ್ಸಿಯಾನೊ ಕ್ರೂಸರ್‌ವೇಟ್ ಮಿತಿಗಿಂತಲೂ ಕೆಳಗಿನವರು. ಇಬ್ಬರನ್ನೂ ಕಾಲಯಂತ್ರದಲ್ಲಿ ತಂದು ಒಂದೇ ಕಣದಲ್ಲಿ ನಿಲ್ಲಿಸಿದರೆ ಜ್ಯಾಬ್ ದಾಟಿ ಒಳಗೆ ಬರುವುದು ಮಾರ್ಸಿಯಾನೊ ಅವರಿಗೆ ಕಷ್ಟವಾಗುತ್ತದೆ, ಬಂದರೂ ಅಪ್ಪುಗೆಯ ಭಾರ ಕಾದಿರುತ್ತದೆ ಎಂಬುದರಲ್ಲಿ ತಮ್ಮ ಹೇಳುವುದು ಸರಿ. ಆದರೆ ನಾಲ್ಕು ಸುತ್ತಿನ ಮಾತು ನಾನು ಒಪ್ಪುವುದಿಲ್ಲ. ಮಾರ್ಸಿಯಾನೊ ಅವರಷ್ಟೇ ತೂಕದ ಡೆಂಪ್ಸಿ ವಿಲರ್ಡ್ ಅವರಿಗೆ ಮಾಡಿದ್ದನ್ನು ಮೇಲೆ ಹೇಳಿದ್ದೇನೆ. ವ್ಲಾದಿಮಿರ್ ಅವರ ಗಲ್ಲ ಸ್ಯಾಂಡರ್ಸ್ ಎದುರು ಎರಡೇ ಸುತ್ತು ತಾಳಿತ್ತು. ಸ್ಯಾಂಡರ್ಸ್ ಪಂದ್ಯವನ್ನೂ ವಾಲ್ಕಾಟ್ ಪಂದ್ಯದ ಹದಿಮೂರನೇ ಸುತ್ತನ್ನೂ ತಂದೆಯವರು ಮತ್ತು ತಮ್ಮ ಒಟ್ಟಿಗೆ ಕುಳಿತು ಒಂದೇ ಸಂಜೆ ನೋಡಲಿ; ಹದಿಮೂರನೇ ಸುತ್ತನ್ನು ನಿಧಾನಗತಿಯಲ್ಲಿ ಇಟ್ಟು, ಮಾರ್ಸಿಯಾನೊ ಅವರ ಬಲಭುಜ ಗುದ್ದಿಗೆ ಮುಂಚೆ ಎಷ್ಟು ಕಡಿಮೆ ಹಿಂದೆ ಸರಿಯುತ್ತದೆ ಎಂಬುದನ್ನು ಗಮನಿಸಲಿ.